ಸರ್ಕಾರಿ ನೌಕರಿಯ ಪೂರ್ವಾಪರ ಪರಿಶೀಲನೆ ಮತ್ತು ಭದ್ರತಾ ಅನುಮತಿ: ಕರಾವಳಿಯ ಅಭ್ಯರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪಣಂಬೂರಿನ ಬಂದರು, ಕೆಂಜಾರಿನ ವಿಮಾನ ನಿಲ್ದಾಣ, ಕುತ್ತೆತ್ತೂರಿನ ತೈಲ ಶುದ್ಧೀಕರಣ ಘಟಕ ಇವೆಲ್ಲ ನಮ್ಮ ಮಂಗಳೂರಿನ ಸುತ್ತಲೇ ಇವೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಕಾಪು ತಾಲೂಕಿನ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲವನ್ನು ನೆಲದಡಿಯ ಬಂಡೆಗುಹೆಗಳಲ್ಲಿ ಕಾಯ್ದಿಡುವ ವ್ಯವಸ್ಥೆಯಿದೆ. ಸ್ವಲ್ಪ ಉತ್ತರಕ್ಕೆ ಹೋದರೆ ಕಾರವಾರದ ನೌಕಾನೆಲೆ ಮತ್ತು ಕೈಗಾದ ಅಣುಸ್ಥಾವರ ಸಿಗುತ್ತವೆ. ಇಂಥ ಕಡೆಗಳಲ್ಲಿ ಕೆಲಸಕ್ಕೆ ಸೇರುವ ನಮ್ಮ ಜಿಲ್ಲೆಗಳ ಮಕ್ಕಳು ಪರೀಕ್ಷೆಯನ್ನೂ ದೈಹಿಕ ಪರೀಕ್ಷೆಯನ್ನೂ ಗೆದ್ದು, ಕೊನೆಗೆ ನಾಲ್ಕು ಪುಟದ ಒಂದು ನಮೂನೆಯ ಮುಂದೆ ಎಡವುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಕೇಂದ್ರ ಸರ್ಕಾರದ ಸಂಸ್ಥೆಯೊಂದರ ಸಿಬ್ಬಂದಿ ವಿಭಾಗದಲ್ಲಿ ವರ್ಷಗಟ್ಟಲೆ ಇಂಥ ನಮೂನೆಗಳನ್ನು ಪರಿಶೀಲಿಸಿ ನಿವೃತ್ತನಾದ ಮೇಲೆ, ಉಡುಪಿಯ ಮನೆಗೆ ಬಂದು ಕೇಳುವವರಿಗೆ ಹೇಳುತ್ತ ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಪೂರ್ವಾಪರ ಪರಿಶೀಲನೆಗೂ ಭದ್ರತಾ ಅನುಮತಿಗೂ ವ್ಯತ್ಯಾಸವೇನು?

ಪೂರ್ವಾಪರ ಪರಿಶೀಲನೆ ಎಂಬುದು ಸರ್ಕಾರಿ ಹುದ್ದೆಗೆ ಆಯ್ಕೆಯಾದ ಪ್ರತಿಯೊಬ್ಬರಿಗೂ ಆಗುವಂಥದ್ದು. ಅಂಚೆ ಇಲಾಖೆಯ ಗುಮಾಸ್ತನಿಗೂ ಅದು ತಪ್ಪಿದ್ದಲ್ಲ. ನೀವು ಹೇಳಿಕೊಂಡ ವ್ಯಕ್ತಿ ನೀವೇ ಹೌದೇ, ಬರೆದ ವಿಳಾಸಗಳಲ್ಲಿ ವಾಸವಿದ್ದದ್ದು ನಿಜವೇ, ನಿಮ್ಮ ಮೇಲೆ ಪೊಲೀಸ್ ಅಥವಾ ನ್ಯಾಯಾಲಯದ ದಾಖಲೆ ಇದೆಯೇ ಎಂಬಷ್ಟನ್ನು ಅದು ನೋಡುತ್ತದೆ. ಹುದ್ದೆ ಸೂಕ್ಷ್ಮವಾದಂತೆ, ಅಂದರೆ ಗೋಪ್ಯ ಕಡತಗಳು, ರಕ್ಷಣಾ ನೆಲೆಗಳು, ಅಣುಸ್ಥಾವರ, ಸಂಕೇತ ಸಂವಹನ ಮುಂತಾದವುಗಳ ಹತ್ತಿರ ಹೋದಂತೆ ವಿಚಾರಣೆಯೂ ಆಳಕ್ಕೆ ಇಳಿಯುತ್ತದೆ ಮತ್ತು ಸ್ಥಳೀಯ ಠಾಣೆಯ ಜೊತೆಗೆ ಗುಪ್ತಚರ ಸಂಸ್ಥೆಗಳೂ ಅದರಲ್ಲಿ ಸೇರುತ್ತವೆ. ಈ ಆಳದ ವಿಚಾರಣೆಯನ್ನು ದಾಟಿದವರಿಗೆ ಸಿಗುವುದೇ ಭದ್ರತಾ ಅನುಮತಿ. ನಮ್ಮ ದೇಶದಲ್ಲಿ ಕಡತಗಳನ್ನು ಅತಿ ರಹಸ್ಯ, ರಹಸ್ಯ, ಗೋಪ್ಯ, ನಿರ್ಬಂಧಿತ ಎಂದು ನಾಲ್ಕು ದರ್ಜೆಗಳಲ್ಲಿ ವಿಂಗಡಿಸುತ್ತಾರೆ. ಯಾವ ದರ್ಜೆಯ ಕಡತ ನಿಮ್ಮ ಮೇಜಿಗೆ ಬರಬಹುದು ಎಂಬುದರ ಮೇಲೆ ನಿಮ್ಮ ಬಗೆಗಿನ ವಿಚಾರಣೆಯ ಆಳ ನಿಂತಿರುತ್ತದೆ. ಎರಡಕ್ಕೂ ಬೇರು ಒಂದೇ, ನೀವು ತುಂಬಿಕೊಡುವ ದೃಢೀಕರಣ ನಮೂನೆ. ಆಡುಮಾತಿನಲ್ಲಿ ಅದನ್ನೇ ಅಟೆಸ್ಟೇಷನ್ ಫಾರ್ಮ್ ಎನ್ನುತ್ತಾರೆ.

ನನ್ನ ನಮೂನೆ ಯಾವ ಕಚೇರಿಗೆ ಹೋಗುತ್ತದೆ?

ನೀವು ವಾಸವಿದ್ದ ಜಾಗದ ಮೇಲೆ ಅದು ನಿರ್ಧಾರವಾಗುತ್ತದೆ. ಮಂಗಳೂರು ನಗರವಲ್ಲದೆ ಸುರತ್ಕಲ್, ಬಜ್ಪೆ, ಉಳ್ಳಾಲ, ಕೊಣಾಜೆ, ಮೂಲ್ಕಿ, ಮೂಡುಬಿದಿರೆ ಠಾಣೆಗಳೂ ನಗರ ಪೊಲೀಸ್ ಆಯುಕ್ತರ ವ್ಯಾಪ್ತಿಯಲ್ಲಿವೆ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯದ ಕಡೆಯವರ ಕಾಗದ ದಕ್ಷಿಣ ಕನ್ನಡ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೂ, ಕುಂದಾಪುರ, ಕಾರ್ಕಳ, ಬೈಂದೂರಿನ ಕಡೆಯವರದು ಉಡುಪಿಯ ವರಿಷ್ಠಾಧಿಕಾರಿಗಳ ಕಚೇರಿಗೂ ಹೋಗುತ್ತದೆ. ಅಲ್ಲಿಂದ ನಿಮ್ಮ ಠಾಣೆಗೆ, ಠಾಣೆಯಿಂದ ನಿಮ್ಮ ಗ್ರಾಮದ ಬೀಟ್ ಪೊಲೀಸರ ಕೈಗೆ ಅದು ಬರುತ್ತದೆ. ಠಾಣೆಯ ಹೆಸರನ್ನು ತಪ್ಪಾಗಿ ಬರೆದರೆ ಕಾಗದ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ತಿಂಗಳುಗಳೇ ಕಳೆಯುತ್ತವೆ. ಆದ್ದರಿಂದ ನಿಮ್ಮ ಮನೆ ಯಾವ ಠಾಣೆಯ ಗಡಿಯೊಳಗಿದೆ ಎಂಬುದನ್ನು ಊಹೆಯ ಮೇಲೆ ಬರೆಯದೆ, ಠಾಣೆಯಲ್ಲಿ ಕೇಳಿಯೇ ಬರೆಯಿರಿ.

ನಮೂನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ತಪ್ಪುವುದು ಎಲ್ಲಿ?

ಬಂಧನ ಮತ್ತು ಪ್ರಕರಣಗಳ ಕಲಮಿನಲ್ಲಿ. ಅದು ಒಂದೇ ಪ್ರಶ್ನೆಯಂತೆ ಕಂಡರೂ ಒಳಗೆ ಹಲವು ಪ್ರಶ್ನೆಗಳಿವೆ. ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ, ನಿಮ್ಮ ಮೇಲೆ ಅಭಿಯೋಗ (ಅಂದರೆ ನ್ಯಾಯಾಲಯದಲ್ಲಿ ಕ್ರಿಮಿನಲ್ ಮೊಕದ್ದಮೆ) ನಡೆದಿತ್ತೇ, ವಶದಲ್ಲಿ ಇರಿಸಲಾಗಿತ್ತೇ, ಮುಚ್ಚಳಿಕೆ ಬರೆಸಿಕೊಳ್ಳಲಾಗಿತ್ತೇ, ನ್ಯಾಯಾಲಯ ದಂಡ ಹಾಕಿತ್ತೇ, ಶಿಕ್ಷೆಯಾಗಿತ್ತೇ, ಯಾವುದಾದರೂ ಪರೀಕ್ಷೆಯಿಂದ ಅಥವಾ ವಿಶ್ವವಿದ್ಯಾಲಯದಿಂದ ಹೊರಗಿಡಲಾಗಿತ್ತೇ, ಈಗ ಯಾವುದಾದರೂ ಪ್ರಕರಣ ಬಾಕಿ ಇದೆಯೇ ಎಂದು ಅಲ್ಲಿ ಬಿಡಿಬಿಡಿಯಾಗಿ ಕೇಳಲಾಗುತ್ತದೆ. ನಮ್ಮ ಹುಡುಗರು ‘ನನಗೆ ಶಿಕ್ಷೆ ಆಗಿಲ್ಲವಲ್ಲ’ ಎಂದು ಭಾವಿಸಿ ಎಲ್ಲಕ್ಕೂ ‘ಇಲ್ಲ’ ಎಂದು ಬರೆದುಬಿಡುತ್ತಾರೆ. ಕೇಳಿದ್ದು ಶಿಕ್ಷೆಯೊಂದನ್ನೇ ಅಲ್ಲ. ಖುಲಾಸೆಯಾದ ಪ್ರಕರಣ, ಲೋಕ ಅದಾಲತ್‌ನಲ್ಲಿ ರಾಜಿಯಾದ ಪ್ರಕರಣ, ಉಚ್ಚ ನ್ಯಾಯಾಲಯ ರದ್ದುಪಡಿಸಿದ ಪ್ರಕರಣ, ಆರೋಪ ನಿಲ್ಲುವುದಿಲ್ಲವೆಂದು ಪೊಲೀಸರೇ ಬಿ ರಿಪೋರ್ಟ್ ಹಾಕಿ ಮುಗಿಸಿದ ಪ್ರಕರಣ ಇವುಗಳಲ್ಲೂ ಬಂಧನವೋ ಅಭಿಯೋಗವೋ ನಡೆದಿದ್ದರೆ ಆ ಪ್ರಶ್ನೆಗೆ ಉತ್ತರ ‘ಹೌದು’ ಎಂದೇ. ಮುಂದೆ ಏನಾಯಿತು ಎಂಬುದನ್ನು ಅದರ ಪಕ್ಕದಲ್ಲಿ ವಿವರಿಸಬೇಕು.

ಮುಚ್ಚಳಿಕೆಯ ಮಾತನ್ನು ಕರಾವಳಿಯವರಿಗೆ ವಿಶೇಷವಾಗಿ ಹೇಳಬೇಕಾಗಿದೆ. ಚುನಾವಣೆಯ ಹೊತ್ತಿನಲ್ಲೋ ಊರಲ್ಲಿ ಗಲಭೆಯಾದಾಗಲೋ ಶಾಂತಿ ಕಾಪಾಡುವ ಸಲುವಾಗಿ ಯುವಕರನ್ನು ತಹಶೀಲ್ದಾರರ ಮುಂದೆ ಹಾಜರುಪಡಿಸಿ ಬಾಂಡ್ ಬರೆಸಿಕೊಳ್ಳುವುದುಂಟು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 107ನೇ ಕಲಂ ಆಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 126ನೇ ಕಲಂ. ಇದು ಅಪರಾಧವಲ್ಲ, ಶಿಕ್ಷೆಯೂ ಅಲ್ಲ. ಸಹಿ ಹಾಕಿ ಮನೆಗೆ ಬಂದವನು ಆರು ತಿಂಗಳಲ್ಲಿ ಅದನ್ನು ಮರೆತಿರುತ್ತಾನೆ. ಆದರೆ ನಮೂನೆ ಅದನ್ನು ನೇರವಾಗಿ ಕೇಳುತ್ತದೆ, ಠಾಣೆಯ ಪುಸ್ತಕದಲ್ಲಿ ಅದು ಉಳಿದಿರುತ್ತದೆ. ಹೀಗೆ ಮರೆತು ‘ಇಲ್ಲ’ ಎಂದು ಬರೆದ ಕುಂದಾಪುರದ ಕಡೆಯ ಒಬ್ಬ ಹುಡುಗನ ಕಡತ ನನ್ನ ಮೇಜಿನ ಮೇಲೆಯೇ ಹದಿನಾಲ್ಕು ತಿಂಗಳು ಇತ್ತು. ಬಾಂಡ್ ಬರೆದದ್ದಕ್ಕೆ ಅವನನ್ನು ಯಾರೂ ಆಕ್ಷೇಪಿಸಲಿಲ್ಲ. ಅದನ್ನು ಬರೆಯದೆ ಬಿಟ್ಟದ್ದೇಕೆ ಎಂಬ ಒಂದೇ ಪ್ರಶ್ನೆಗೆ ಅವನೂ ಅವನ ತಾಯಿಯೂ ಅಷ್ಟು ದಿನ ಉತ್ತರ ಕೊಡುತ್ತಲೇ ಇರಬೇಕಾಯಿತು. ಎರಡು ಸಾಲು ಬರೆದಿದ್ದರೆ ತಪ್ಪುತ್ತಿದ್ದ ಆ ಸಂಕಟವನ್ನು ನೆನೆದರೆ ಇಂದಿಗೂ ನನಗೆ ನೋವಾಗುತ್ತದೆ.

ನನ್ನ ಮೇಲೆ ಪ್ರಕರಣ ಇದೆಯೋ ಇಲ್ಲವೋ ನನಗೇ ಖಚಿತವಿಲ್ಲ. ತಿಳಿಯುವುದು ಹೇಗೆ?

ನಮೂನೆ ಕೈಗೆ ಬರುವ ಮೊದಲೇ ತಿಳಿದುಕೊಳ್ಳಬೇಕು, ಮತ್ತು ಅದು ಸಾಧ್ಯವಿದೆ. ಇ-ಕೋರ್ಟ್ಸ್ ಸೇವೆಯ ಜಾಲತಾಣದಲ್ಲಾಗಲಿ ಮೊಬೈಲ್ ಆ್ಯಪ್‌ನಲ್ಲಾಗಲಿ ಜಿಲ್ಲೆ ಮತ್ತು ನ್ಯಾಯಾಲಯವನ್ನು ಆರಿಸಿ, ಪಕ್ಷಗಾರರ ಹೆಸರಿನಿಂದ ಹುಡುಕಬಹುದು. ಹೆಸರಿನ ಬೇರೆ ಬೇರೆ ಕಾಗುಣಿತಗಳನ್ನು ಹಾಕಿ ನೋಡಿ, ಹಿಂದೆ ವಾಸವಿದ್ದ ಜಿಲ್ಲೆಗಳಲ್ಲೂ ಹುಡುಕಿ. ಪೊಲೀಸ್ ದಾಖಲೆಯ ಮಟ್ಟಿಗೆ, ಸೇವಾ ಸಿಂಧು ಜಾಲತಾಣದ ಮೂಲಕ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ನೀವೇ ಅರ್ಜಿ ಹಾಕಬಹುದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಚೆಕ್ ಬೌನ್ಸ್ ಪ್ರಕರಣಗಳು ಸಾಮಾನ್ಯವಾಗಿ ಠಾಣೆಗೆ ಹೋಗದೆ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗುತ್ತವೆ. ಗೆಳೆಯನ ಸಾಲಕ್ಕೆಂದು ಚೆಕ್ಕಿಗೆ ಸಹಿ ಮಾಡಿಕೊಟ್ಟವರು ಅದನ್ನು ಬರೀ ಹಣದ ವ್ಯಾಜ್ಯವೆಂದು ತಿಳಿಯುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಅದು ಕ್ರಿಮಿನಲ್ ಪ್ರಕರಣ. ಠಾಣೆಯಲ್ಲಿ ನಿಮ್ಮ ಹೆಸರಿಲ್ಲ ಎಂಬ ಉತ್ತರ ಸಿಕ್ಕ ಮೇಲೂ ನ್ಯಾಯಾಲಯದ ದಾಖಲೆಯನ್ನು ನೋಡಬೇಕು ಎಂದು ನಾನು ಹೇಳುವುದು ಇದಕ್ಕಾಗಿಯೇ.

ಪ್ರಕರಣವನ್ನು ಬಹಿರಂಗಪಡಿಸಿದರೆ ನೌಕರಿ ಹೋಗುವುದಿಲ್ಲವೇ?

ಹೋಗಲೇಬೇಕೆಂದಿಲ್ಲ, ಉಳಿಯುತ್ತದೆಂಬ ಭರವಸೆಯೂ ಇಲ್ಲ. ಈ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದದ್ದು 2016ರ ಜುಲೈನಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು. ಅಭ್ಯರ್ಥಿ ಕೊಡುವ ಮಾಹಿತಿ ಸತ್ಯವಾಗಿರಬೇಕು, ಮರೆಮಾಚುವಂತಿಲ್ಲ ಎಂಬುದು ಅದರ ಮೊದಲ ಮಾತು. ಬಾಕಿ ಇರುವ ಕ್ಷುಲ್ಲಕ ಪ್ರಕರಣವನ್ನು ಅಭ್ಯರ್ಥಿ ಪ್ರಾಮಾಣಿಕವಾಗಿ ತಿಳಿಸಿದ್ದರೆ, ಸಂದರ್ಭವನ್ನು ನೋಡಿ ಅವನನ್ನು ನೇಮಿಸಿಕೊಳ್ಳುವ ವಿವೇಚನೆ ನೇಮಕಾತಿ ಪ್ರಾಧಿಕಾರಕ್ಕಿದೆ. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಬರೆಯದೆ ಬಿಟ್ಟಿದ್ದರೂ ಪ್ರಾಧಿಕಾರ ಅದನ್ನು ಮನ್ನಿಸಬಹುದು. ಆದರೆ ಹಲವು ಪ್ರಕರಣಗಳು ಬಾಕಿ ಇದ್ದು ಬೇಕೆಂದೇ ಮುಚ್ಚಿಟ್ಟರೆ ಆ ಮುಚ್ಚಿಟ್ಟದ್ದೇ ದೊಡ್ಡ ದೋಷವಾಗುತ್ತದೆ. ಸತ್ಯ ಹೇಳಿದ ಮಾತ್ರಕ್ಕೆ ನೇಮಿಸಿಕೊಳ್ಳಲೇಬೇಕೆಂದು ಪ್ರಾಧಿಕಾರವನ್ನು ಒತ್ತಾಯಿಸಲಾಗದು ಎಂದೂ ಪೀಠ ಸ್ಪಷ್ಟಪಡಿಸಿದೆ. ಅಭ್ಯರ್ಥಿಯ ಪರವಾದ ಇನ್ನೊಂದು ಅಂಶವೂ ಅದರಲ್ಲಿದೆ: ನಮೂನೆಯ ಪ್ರಶ್ನೆ ನಿರ್ದಿಷ್ಟವಾಗಿದ್ದಾಗ ಮಾತ್ರ ಮರೆಮಾಚಿದ ಆರೋಪ ನಿಲ್ಲುತ್ತದೆ, ಅಸ್ಪಷ್ಟವಾಗಿ ಕೇಳಿ ಆಮೇಲೆ ಅಭ್ಯರ್ಥಿಯನ್ನು ದೂರುವಂತಿಲ್ಲ. ಮುಂದೆ 2022ರಲ್ಲಿ ರೈಲ್ವೆ ರಕ್ಷಣಾ ದಳದ ಕಾನ್‌ಸ್ಟೆಬಲ್ ಒಬ್ಬರ ಪ್ರಕರಣದಲ್ಲೂ, ಮಾಹಿತಿ ಬಿಟ್ಟುಹೋಗಿದೆ ಎಂಬ ಒಂದೇ ಕಾರಣಕ್ಕೆ ಯಾಂತ್ರಿಕವಾಗಿ ವಜಾ ಮಾಡಬಾರದೆಂದು ಅದೇ ನ್ಯಾಯಾಲಯ ಹೇಳಿತು.

ನನ್ನ ಅನುಭವವೂ ಇದೇ. ಬಸ್ ನಿಲ್ದಾಣದ ಜಗಳವೊಂದರಲ್ಲಿ ಹೆಸರು ಸೇರಿ ಖುಲಾಸೆಯಾದವನು ತೀರ್ಪಿನ ದೃಢೀಕೃತ ಪ್ರತಿಯೊಂದಿಗೆ ಅದನ್ನು ಮೊದಲೇ ತಿಳಿಸಿದಾಗ ಕಡತ ಮುಂದಕ್ಕೆ ಹೋಗಿದ್ದನ್ನು ಕಂಡಿದ್ದೇನೆ. ಲೈಂಗಿಕ ಅಪರಾಧ, ವಂಚನೆ, ಮಾದಕ ವಸ್ತು, ಗಂಭೀರ ಹಲ್ಲೆ ಇಂಥ ಪ್ರಕರಣಗಳಲ್ಲಿ ಸಂಶಯದ ಲಾಭದ ಮೇಲೆ ಖುಲಾಸೆಯಾಗಿದ್ದರೂ ಪ್ರಾಧಿಕಾರ ಬಹಳ ಕಟ್ಟುನಿಟ್ಟಾಗಿ ನೋಡುತ್ತದೆ. ಹುದ್ದೆ ಪೊಲೀಸ್ ಅಥವಾ ಸಶಸ್ತ್ರ ಪಡೆಯದಾದರೆ ಇನ್ನೂ ಹೆಚ್ಚು.

ನಮೂನೆ ಕೊಟ್ಟಾದ ಮೇಲೆ ತಪ್ಪು ನೆನಪಾಯಿತು. ಈಗೇನು ಮಾಡುವುದು?

ಅಂದೇ ನೇಮಕಾತಿ ಪ್ರಾಧಿಕಾರಕ್ಕೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ಪೊಲೀಸ್ ವರದಿ ಬರುವ ಮೊದಲು ನೀವಾಗಿಯೇ ಹೇಳಿದ್ದಕ್ಕೂ, ವರದಿ ಬಂದ ಮೇಲೆ ಕೇಳಿದಾಗ ಒಪ್ಪಿಕೊಂಡದ್ದಕ್ಕೂ ಅಜಗಜಾಂತರವಿದೆ. ನಮೂನೆ ಸಲ್ಲಿಸಿದ ನಂತರ ಹೊಸದಾಗಿ ಬಂಧನವೋ ಪ್ರಕರಣವೋ ಆದರೂ ತಕ್ಷಣ ತಿಳಿಸಬೇಕೆಂದು ನಮೂನೆಯ ತಲೆಬರಹದ ಎಚ್ಚರಿಕೆಯಲ್ಲೇ ಬರೆದಿರುತ್ತದೆ.

ಹದಿನೆಂಟು ತುಂಬುವ ಮೊದಲಿನ ಪ್ರಕರಣ ಅಡ್ಡಿಯಾಗುತ್ತದೆಯೇ?

2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ ಬಾಲಕನಾಗಿದ್ದಾಗಿನ ತಪ್ಪಿತಸ್ಥ ತೀರ್ಮಾನದಿಂದ ಅನರ್ಹತೆ ಉಂಟಾಗುವುದಿಲ್ಲ. ಹದಿನಾರು ತುಂಬಿದ್ದು, ಘೋರ ಅಪರಾಧಕ್ಕಾಗಿ ವಯಸ್ಕನಂತೆ ವಿಚಾರಣೆಗೆ ಒಳಗಾದವರಿಗೆ ಈ ರಕ್ಷಣೆ ಇಲ್ಲ. ಬಾಲನ್ಯಾಯ ಮಂಡಳಿಯ ಆದೇಶದ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಮೂನೆಯಲ್ಲಿ ಹೇಗೆ ಬರೆಯಬೇಕೆಂಬುದನ್ನು ಒಬ್ಬ ವಕೀಲರಿಗೆ ತೋರಿಸಿ ನಿರ್ಧರಿಸುವುದು ಒಳ್ಳೆಯದು.

ಹೆಸರು ಮತ್ತು ಊರಿನ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇದ್ದರೆ?

ನಮ್ಮಲ್ಲಿ ಇದು ಮನೆಮನೆಯ ಕಥೆ. ಅಳಿಯಕಟ್ಟಿನ ಮನೆತನಗಳಲ್ಲಿ ಮಕ್ಕಳಿಗೆ ತಾಯಿಯ ಕಡೆಯ ಕುಲನಾಮ ಬರುತ್ತದೆ. ತಂದೆ ಪೂಜಾರಿ, ಮಗ ಸುವರ್ಣ ಅಥವಾ ತಂದೆ ಶೆಟ್ಟಿ, ಮಗಳು ರೈ ಆಗಿರುವುದು ಇಲ್ಲಿಯವರಿಗೆ ಸಹಜವಾದರೂ ದೆಹಲಿಯಲ್ಲಿ ಕಡತ ನೋಡುವವರಿಗೆ ಗೊಂದಲ. ಕ್ರೈಸ್ತರಲ್ಲಿ ಇಗರ್ಜಿಯ ದೀಕ್ಷಾಸ್ನಾನದ ಪುಸ್ತಕದ ಹೆಸರೇ ಒಂದು, ಶಾಲೆಯದೇ ಇನ್ನೊಂದು ಆಗಿರುತ್ತದೆ. ನಮೂನೆಯಲ್ಲಿ ಹತ್ತನೇ ತರಗತಿಯ ಅಂಕಪಟ್ಟಿಯ ಹೆಸರನ್ನು ಮೂಲವಾಗಿಟ್ಟುಕೊಂಡು, ಉಳಿದ ರೂಪಗಳನ್ನೆಲ್ಲ ‘ಇತರ ಹೆಸರುಗಳು’ ಎಂಬ ಜಾಗದಲ್ಲಿ ಬರೆಯಿರಿ. ತಂದೆಯ ಮತ್ತು ನಿಮ್ಮ ಕುಲನಾಮ ಬೇರೆಯಾಗಿದ್ದರೆ ಕಾರಣವನ್ನು ಒಂದು ಸಾಲಿನಲ್ಲಿ ತಿಳಿಸಿ.

ಊರಿನ ಮಾತಿಗೆ ಬಂದರೆ, ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 25ರಂದು. ಅದಕ್ಕೆ ಮೊದಲು ಕಾರ್ಕಳದಲ್ಲೋ ಕುಂದಾಪುರದಲ್ಲೋ ಹುಟ್ಟಿದವರ ಜನನ ಪತ್ರದಲ್ಲಿ ಜಿಲ್ಲೆ ದಕ್ಷಿಣ ಕನ್ನಡ ಎಂದೇ ಇರುತ್ತದೆ, ಆಧಾರ್‌ನಲ್ಲಿ ಉಡುಪಿ ಎಂದಿರುತ್ತದೆ. ಕಾಪು, ಬ್ರಹ್ಮಾವರ, ಬೈಂದೂರು, ಹೆಬ್ರಿ ಆಮೇಲೆ ತಾಲೂಕುಗಳಾದವು. ಮಂಗಳೂರಿನ ಇಂಗ್ಲಿಷ್ ಕಾಗುಣಿತವೂ 2014ರ ನವೆಂಬರ್ 1ರಿಂದ ಬದಲಾಗಿದೆ. ಇವಾವುವೂ ದೋಷಗಳಲ್ಲ, ‘ಅಂದಿನ ದಕ್ಷಿಣ ಕನ್ನಡ, ಇಂದಿನ ಉಡುಪಿ’ ಎಂದು ಬರೆದರೆ ಸಾಕು.

ಬೆಂಗಳೂರಿನ ಪಿ.ಜಿ.ಯಲ್ಲಿದ್ದೆ, ಊರಿನ ಮನೆಗೆ ಬೀಗ ಹಾಕಿದೆ. ಪರಿಶೀಲನೆ ಹೇಗೆ ಆಗುತ್ತದೆ?

ಕಳೆದ ಐದು ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಾಸವಿದ್ದ ಪ್ರತಿಯೊಂದು ವಿಳಾಸವನ್ನೂ ನಮೂನೆ ಕೇಳುತ್ತದೆ, ಮಣಿಪಾಲದ ಹಾಸ್ಟೆಲ್ ಕೋಣೆಯೂ ಅದರಲ್ಲಿ ಸೇರುತ್ತದೆ. ಆಯಾ ಜಿಲ್ಲೆಯ ಪೊಲೀಸರಿಗೆ ಒಂದೊಂದು ಪ್ರತಿ ಹೋಗುತ್ತದೆ. ‘ಈ ವಿಳಾಸದಲ್ಲಿ ಇಂಥವರಿಲ್ಲ’ ಎಂಬ ಒಂದು ವಾಕ್ಯದ ವರದಿ ಒಂದು ವರ್ಷದ ಸಂಬಳವನ್ನೇ ತಿಂದುಹಾಕಬಲ್ಲದು. ಬಾಡಿಗೆ ಕರಾರು, ಪಿ.ಜಿ. ರಸೀದಿ, ಕಾಲೇಜಿನ ವಾಸ್ತವ್ಯ ಪತ್ರ ಇವನ್ನು ಎತ್ತಿಟ್ಟಿರಿ. ಮನೆ ಮಾಲೀಕರಿಗೆ ಫೋನ್ ಮಾಡಿ, ಪೊಲೀಸರು ಕೇಳಿಕೊಂಡು ಬರಬಹುದೆಂದು ಮೊದಲೇ ಹೇಳಿಡಿ. ಊರಿನಲ್ಲಿ ಎಲ್ಲರೂ ಮುಂಬಯಿಯಲ್ಲೋ ಗಲ್ಫಿನಲ್ಲೋ ಇದ್ದು ಮನೆ ಮುಚ್ಚಿದ್ದರೆ, ಬೀಟ್ ಪೊಲೀಸರು ಬರುವ ದಿನ ಅಲ್ಲಿರಬಲ್ಲ ಸಂಬಂಧಿಯೊಬ್ಬರ ಹೆಸರನ್ನೂ ಮೊಬೈಲ್ ಸಂಖ್ಯೆಯನ್ನೂ ಠಾಣೆಗೆ ಕೊಟ್ಟುಬನ್ನಿ.

ಅಣ್ಣ ದುಬೈಯಲ್ಲಿದ್ದಾನೆ, ಅಕ್ಕ ವಿದೇಶಿ ಪೌರತ್ವ ಪಡೆದಿದ್ದಾಳೆ. ಇದು ದೋಷವೇ?

ದೋಷವಲ್ಲ. ಪ್ರತಿ ಮನೆಯಿಂದಲೂ ಒಬ್ಬರಾದರೂ ಕಡಲಾಚೆ ದುಡಿಯುವ ಜಿಲ್ಲೆಗಳು ನಮ್ಮವು ಎಂಬುದು ಇಲ್ಲಿ ವಿಚಾರಣೆ ಮಾಡುವವರಿಗೂ ಗೊತ್ತಿದೆ. ಆದರೂ ಹತ್ತಿರದ ಸಂಬಂಧಿಗಳ ಪೌರತ್ವ, ಉದ್ಯೋಗ, ವಿಳಾಸವನ್ನು ಕೇಳಿದಲ್ಲೆಲ್ಲ ಪೂರ್ಣವಾಗಿ ಬರೆಯಬೇಕು. ಸೂಕ್ಷ್ಮ ಹುದ್ದೆಗಳಲ್ಲಿ ವಿದೇಶಿ ಪೌರತ್ವದ ಪತಿ, ಪತ್ನಿ ಅಥವಾ ಆಪ್ತ ಸಂಬಂಧಿಗಳ ಬಗ್ಗೆ ಹೆಚ್ಚು ಪ್ರಶ್ನೆಗಳು ಬರುತ್ತವೆ. ಗೋಪ್ಯ ಮಾಹಿತಿ ಕೈಯಲ್ಲಿರುವವನ ಮೇಲೆ ಹೊರದೇಶದಿಂದ ಒತ್ತಡ ತರಲು ಸಾಧ್ಯವೇ ಎಂಬುದೇ ಅಲ್ಲಿನ ಆತಂಕ. ನೀವೇ ಗಲ್ಫಿನಲ್ಲಿ ದುಡಿದು ಮರಳಿದವರಾದರೆ, ಆ ದೇಶದ ಪೊಲೀಸರಿಂದ ಸಿಗುವ ನಡತೆ ಪ್ರಮಾಣಪತ್ರವನ್ನು ಅಲ್ಲಿಂದ ಹೊರಡುವ ಮೊದಲೇ ಪಡೆದುಕೊಂಡು ಬನ್ನಿ. ಊರಿಗೆ ಬಂದ ಮೇಲೆ ಅದನ್ನು ತರಿಸುವುದು ಬಹಳ ಕಷ್ಟ.

ಸಂದರ್ಶನದಲ್ಲಿ ಏನು ಕೇಳುತ್ತಾರೆ? ನೆರೆಹೊರೆಯವರನ್ನೂ ಕೇಳುತ್ತಾರೆಯೇ?

ಸಾಮಾನ್ಯ ಹುದ್ದೆಗಳಲ್ಲಿ ಸಂದರ್ಶನವೆಂದು ಹೇಳುವಂಥದ್ದು ಇರುವುದಿಲ್ಲ. ಪೊಲೀಸರು ಮನೆಗೆ ಬಂದು ಅಥವಾ ನಿಮ್ಮನ್ನು ಠಾಣೆಗೆ ಕರೆಸಿ, ಮೂಲ ದಾಖಲೆಗಳನ್ನು ನೋಡಿ, ಹೇಳಿಕೆ ಬರೆದುಕೊಂಡು ಸಹಿ ಪಡೆಯುತ್ತಾರೆ. ಸೂಕ್ಷ್ಮ ಹುದ್ದೆಗಳಲ್ಲಿ ವಿಚಾರಣೆ ಮಾಡುವವರು ನಿಮ್ಮನ್ನು ಕೂರಿಸಿ ಓದು, ಗೆಳೆತನ, ಪ್ರವಾಸ, ಸಂಘಟನೆಗಳ ಸದಸ್ಯತ್ವ, ಸಾಲಸೋಲ, ಸಾಮಾಜಿಕ ಜಾಲತಾಣಗಳ ಬಳಕೆ ಇವುಗಳ ಬಗ್ಗೆ ಕೇಳಬಹುದು. ನಿಮಗೆ ತಿಳಿಯದಂತೆಯೇ ಅಂಗಡಿಯವರನ್ನೋ ಪಕ್ಕದ ಮನೆಯವರನ್ನೋ ಮಾತಾಡಿಸಿ ಹೋಗಲೂಬಹುದು. ಅವರು ಊರಿನವರ ಜೊತೆ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಮಾತಿಗಿಳಿದರೆ ಅದರಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ.

ಈ ಮಾತುಕತೆಗೆ ತಯಾರಿ ಎಂದರೆ ನೀವು ತುಂಬಿಕೊಟ್ಟ ನಮೂನೆಯ ಪ್ರತಿಯನ್ನು ಮತ್ತೆ ಓದಿಕೊಂಡು ಹೋಗುವುದು, ಅಷ್ಟೇ. ಕೊಡುವ ಮೊದಲು ಅದರ ಪ್ರತಿಯನ್ನು ತೆಗೆದಿಟ್ಟುಕೊಳ್ಳದವರೇ ಹೆಚ್ಚು. ಬಾಯಲ್ಲಿ ಹೇಳಿದ ವರ್ಷ ಒಂದಾಗಿ, ಕಾಗದದಲ್ಲಿದ್ದದ್ದು ಇನ್ನೊಂದಾದಾಗ ಸುಳ್ಳು ಹೇಳದವನ ಮೇಲೂ ಸಂಶಯ ಹುಟ್ಟುತ್ತದೆ. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರಿಸಿ. ದಿನಾಂಕ ನೆನಪಿಲ್ಲದಿದ್ದರೆ ನೆನಪಿಲ್ಲ, ದಾಖಲೆ ನೋಡಿ ಹೇಳುತ್ತೇನೆ ಎನ್ನಿ. ಬಾಯಿಪಾಠ ಮಾಡಿದ ಉತ್ತರ ಅನುಭವಿಗಳ ಮುಂದೆ ಎದ್ದು ಕಾಣುತ್ತದೆ.

ನಮೂನೆಯಲ್ಲಿ ಹೆಸರಿಸಬೇಕಾದ ಇಬ್ಬರು ಪರಿಚಿತರ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ. ಅವರು ಸಂಬಂಧಿಗಳಾಗಿರದೆ, ನಿಮ್ಮನ್ನು ನಿಜವಾಗಿ ಬಲ್ಲವರಾಗಿರಬೇಕು. ಹೆಸರಿನ ತೂಕ ನೋಡಿ ಶಾಸಕರನ್ನೋ ದೊಡ್ಡ ಉದ್ಯಮಿಯನ್ನೋ ಬರೆಯುವವರಿದ್ದಾರೆ. ಪೊಲೀಸರು ಫೋನ್ ಮಾಡಿದಾಗ ಆ ದೊಡ್ಡವರಿಗೆ ನಿಮ್ಮ ಗುರುತೇ ಹತ್ತದಿದ್ದರೆ ಏನು ಪ್ರಯೋಜನ? ಹತ್ತು ವರ್ಷ ಪಾಠ ಹೇಳಿದ ಮೇಷ್ಟ್ರು ಅದಕ್ಕಿಂತ ಎಷ್ಟೋ ಮೇಲು.

ಅಮೆರಿಕದ ಎಸ್‌ಎಫ್-86 ನಮೂನೆ, ಸುಳ್ಳುಪತ್ತೆ ಪರೀಕ್ಷೆಗಳ ಬಗ್ಗೆ ಓದಿದೆ. ನಮಗೂ ಅವು ಇವೆಯೇ?

ಎಸ್‌ಎಫ್-86 ಅಮೆರಿಕ ಸರ್ಕಾರದ ರಾಷ್ಟ್ರೀಯ ಭದ್ರತಾ ಹುದ್ದೆಗಳಿಗೆ ಸೇರಿದ ದೀರ್ಘ ಪ್ರಶ್ನಾವಳಿ. ಅಲ್ಲಿನ ಕೆಲವು ಗುಪ್ತಚರ ಸಂಸ್ಥೆಗಳು ಅಭ್ಯರ್ಥಿಗಳಿಗೆ ಪಾಲಿಗ್ರಾಫ್ ಪರೀಕ್ಷೆಯನ್ನೂ ಮಾಡುತ್ತವೆ. ನಮ್ಮ ಸಾಮಾನ್ಯ ಪೂರ್ವಾಪರ ಪರಿಶೀಲನೆಯಲ್ಲಿ ಅಂಥ ಪರೀಕ್ಷೆ ಇಲ್ಲ. ಅಪರಾಧ ತನಿಖೆಯ ಸಂದರ್ಭದಲ್ಲಿ ಒಪ್ಪಿಗೆಯಿಲ್ಲದೆ ಪಾಲಿಗ್ರಾಫ್, ಮಂಪರು ಪರೀಕ್ಷೆ ನಡೆಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಹೇಳಿದ್ದು ನಮ್ಮ ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ. ಅಮೆರಿಕದ ಸಲಹೆಗಳನ್ನು ಓದಿ ಇಲ್ಲಿನ ನಮೂನೆ ತುಂಬಬೇಡಿ.

ನಾನು ಗುತ್ತಿಗೆ ಕೆಲಸಗಾರ. ಬಂದರಿಗೋ ವಿಮಾನ ನಿಲ್ದಾಣಕ್ಕೋ ಪಾಸ್ ಬೇಕು, ಅಷ್ಟೇ.

ನಿಮಗೂ ಪೊಲೀಸ್ ಪರಿಶೀಲನೆ ಇದೆ. ವಿಮಾನ ನಿಲ್ದಾಣದ ಪ್ರವೇಶ ಪತ್ರ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ನಿಯಮಗಳಂತೆ, ನಿಮ್ಮನ್ನು ನೇಮಿಸಿಕೊಂಡ ಸಂಸ್ಥೆಯ ಮೂಲಕವೇ ಸಿಗುತ್ತದೆ. ಕೆಲಸ ಬಿಟ್ಟ ದಿನ ಪಾಸನ್ನು ಹಿಂದಿರುಗಿಸಿ ರಸೀದಿ ಪಡೆಯಿರಿ. ಮರಳಿಸದ ಹಳೆಯ ಪಾಸು ಮುಂದಿನ ಅರ್ಜಿಗೆ ಅಡ್ಡ ಬರುತ್ತದೆ.

ಪರಿಶೀಲನೆಗೆ ಬಂದವರು ಹಣ ಕೇಳಿದರೆ?

ಕೊಡಬೇಡಿ. ಮನೆಗೆ ಬಂದು ಮಾಡುವ ವಿಚಾರಣೆಗೆ ಅಲ್ಲಿಯೇ ಕೊಡಬೇಕಾದ ಯಾವ ಶುಲ್ಕವೂ ಇಲ್ಲ. ಮೇಲಧಿಕಾರಿಗಳಿಗೂ ಲೋಕಾಯುಕ್ತಕ್ಕೂ ದೂರು ಕೊಡಬಹುದು. ‘ಕೊಡದಿದ್ದರೆ ವರದಿ ಕೆಡಿಸುತ್ತಾರೆ’ ಎಂಬ ಭಯ ನನಗೆ ಅರ್ಥವಾಗುತ್ತದೆ. ಆದರೆ ದೇಶದ ಗುಟ್ಟು ಕಾಯುವ ಕೆಲಸವನ್ನು ಲಂಚದಿಂದ ಆರಂಭಿಸಿದವನನ್ನು ಆ ಲಂಚವೇ ಮುಂದೆ ಇನ್ನೊಬ್ಬರ ಹಿಡಿತಕ್ಕೆ ಕೊಡುತ್ತದೆ.

ವರದಿ ವಿರುದ್ಧವಾಗಿ ಬಂದರೆ ದಾರಿಯೇನು?

ಮೊದಲು ಕಾರಣವನ್ನು ಲಿಖಿತವಾಗಿ ಕೇಳಿ. ಕಾರಣ ಕೇಳುವ ನೋಟಿಸ್ ಬಂದಿದ್ದರೆ ಕೊಟ್ಟ ಅವಧಿಯೊಳಗೆ, ತೀರ್ಪಿನ ಪ್ರತಿಗಳೊಂದಿಗೆ, ಕೋಪವಿಲ್ಲದ ಭಾಷೆಯಲ್ಲಿ ಉತ್ತರಿಸಿ. ಸೇವೆಯಲ್ಲಿ ಕಾಯಂ ಆಗಿರುವವರನ್ನು ಇಲಾಖಾ ವಿಚಾರಣೆಯಿಲ್ಲದೆ ಈ ಕಾರಣಕ್ಕೆ ತೆಗೆಯುವಂತಿಲ್ಲವೆಂದು ಅವತಾರ್ ಸಿಂಗ್ ತೀರ್ಪು ಹೇಳುತ್ತದೆ. ತಾತ್ಕಾಲಿಕ ನೇಮಕದಲ್ಲಿರುವವರಿಗೆ ಆ ರಕ್ಷಣೆ ಕಡಿಮೆ. ಗುಪ್ತಚರ ಬ್ಯೂರೋ ಮಾಹಿತಿ ಹಕ್ಕು ಕಾಯ್ದೆಯ 24ನೇ ಕಲಮಿನಡಿ ಹೊರಗಿರುವುದರಿಂದ ಅದರ ವರದಿ ನಿಮಗೆ ಸಿಗದು. ನೇಮಕಾತಿ ಪ್ರಾಧಿಕಾರದ ತೀರ್ಮಾನದ ಟಿಪ್ಪಣಿಗಳಿಗೆ ಮಾತ್ರ ಅರ್ಜಿ ಹಾಕಿ ನೋಡಬಹುದು. ಕೇಂದ್ರ ಸರ್ಕಾರದ ನಾಗರಿಕ ಹುದ್ದೆಯಾದರೆ ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ ಹೋಗಬೇಕು. ಅಂತಿಮ ಆದೇಶದಿಂದ ಸಾಮಾನ್ಯವಾಗಿ ಒಂದು ವರ್ಷದ ಕಾಲಮಿತಿ ಇರುವುದರಿಂದ, ಮನವಿಗಳ ಮೇಲೆ ಮನವಿ ಬರೆಯುತ್ತ ಆ ವರ್ಷವನ್ನು ಕಳೆದುಕೊಳ್ಳಬೇಡಿ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ವಿಷಯ ಉಚ್ಚ ನ್ಯಾಯಾಲಯಕ್ಕೆ ಹೋಗುತ್ತದೆ. ವಕೀಲರನ್ನು ಕಾಣಲು ಹೋಗುವಾಗ ನಮೂನೆಯ ಪ್ರತಿ, ಆಯ್ಕೆ ಪತ್ರ, ನೋಟಿಸ್, ನಿಮ್ಮ ಉತ್ತರ, ಆದೇಶ ಈ ಐದನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ ತೆಗೆದುಕೊಂಡು ಹೋಗಿ.